ಮಗ ಇದ್ದಾನೆ ಎಂದೆ

ಮನೆಯಿಂದ,
ಶುಕ್ರವಾರ, ಮಾರ್ಚ್ ೧೪

ಪ್ರೀತಿಯ ಮಗನಿಗೆ ಅಮ್ಮನ ಸಲಾಂ,

ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಆ ಕೆಮ್ಮು ಹೋಯಿತೇ? ನನ್ನ ಹಿಂದಿನ ಪತ್ರಗಳು ವಾಪಸು ಬಂದಿಲ್ಲ, ಹಾಗಾಗಿ ಅದೇ ವಿಳಾಸದಲ್ಲಿದ್ದೀಯ ಎಂದುಕೊಂಡಿದ್ದೇನೆ. ನಾವು ಇದ್ದೇವೆ. ನಿನ್ನ ತಂಗಿ ನಿನ್ನಷ್ಟೇ ಸೋಮಾರಿ. ಹಗ್ಗದ ರಾಟೆ ಮುರಿದದ್ದು ಅವಳಿಗೆ ರಜೆ ಸಿಕ್ಕಂತಾಗಿದೆ.

ರಾಟೆಯ ಅಚ್ಚೇ ಎರಡು ತುಂಡಾಗಿದೆ. ಅವಳು ತಿರುಗಿಸದೆ ನಾನೊಬ್ಬಳೇ ನಾರು ಹಿಡಿದು ಹಿಂದೆ ಹಿಂದೆ ನಡೆದರೆ ಹಗ್ಗವಾಗುತ್ತದೆಯೇ? ಹೊಸದೇ ಮಾಡಿಸಬೇಕು ಎಂದ ಬಡಗಿ. ಅದಕ್ಕೇ ಮಸೀದಿಯ ಸಾಲದ ಸಂಘಕ್ಕೆ ಹೋದೆ. ಅಲ್ಲಿ ಬಡ್ಡಿಯಿಲ್ಲ, ಆದರೆ ನಾಲ್ಕು ಮನೆಯವರು ಜಾಮೀನು ನಿಲ್ಲಬೇಕು. ನೀನು ಗಾಡಿಗೆಂದು ತೆಗೆದುಕೊಂಡು ಹೋದ ಸಾಲವನ್ನು ಆಗ ಜಾಮೀನು ನಿಂತ ನಾಲ್ಕು ಮನೆಯವರೇ ತೀರಿಸಿದ್ದಾರೆ. ಯಾರೂ ಒಂದು ಮಾತು ಅನ್ನಲಿಲ್ಲ. ಅವರಲ್ಲಿ ರೊಟ್ಟಿ ಅಂಗಡಿಯವಳಂತೂ ನಿನ್ನ ಆರೋಗ್ಯ ವಿಚಾರಿಸಿದಳು. ಆದರೆ ಈ ಸಲ ಜಾಮೀನಿಗೆ ಯಾರೂ ಮುಂದೆ ಬರಲಿಲ್ಲ. ನನಗೆ ನಾಚಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ.

ಸಂಘ ನಡೆಸುವ ಟೈಲರ್ ಒಳ್ಳೆಯವನು. ಸಾಲವೇ ಬೇಡ, ಝಕಾತಿನ ದಾನದ ದುಡ್ಡಿನಲ್ಲಿ ರಾಟೆ ಕೊಡಿಸೋಣ, ಹಿಂದಿರುಗಿಸಬೇಕಾಗಿಲ್ಲ ಎಂದ. ಆದರೆ ಆ ದುಡ್ಡು ದಿಕ್ಕಿಲ್ಲದವರಿಗೆ. ಹಾಗಾಗಿ ಎಲ್ಲರೆದುರು ಕೇಳಲೇಬೇಕಾಯಿತು: "ನೋಡ್ಕೊಳ್ಳೋ ಮಗ ಇದಾನಾ ಅಕ್ಕಾ?" ನಾನು "ಇದಾನೆ, ತಿಂಗಳು ತಿಂಗಳು ಕಳಿಸ್ತಾನೆ" ಅಂದೆ. ನಮ್ಮ ಬೀದಿಯ ಅಂಚೆಯವನೂ ಸಂಘದ ಸದಸ್ಯನೇ. ಅವನು ನೆಲ ನೋಡುತ್ತಾ ಕುಳಿತ. ಟೈಲರ್ ಕನ್ನಡಕ ಒರೆಸಿಕೊಂಡು ಮುಂದಿನವರನ್ನು ಕರೆದ.

ಮನೆಗೆ ಬಂದು ಒಲೆ ಹಚ್ಚಿದೆ. ಅಳು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ. ಕೆಲಸವಿಲ್ಲದಿದ್ದರೂ ಬೆರಳುಗಳು ನಾರು ಹೊಸೆಯುತ್ತಲೇ ಇರುತ್ತವೆ, ನಿನ್ನ ತಂಗಿ ನೋಡಿ ನಗುತ್ತಾಳೆ. ನಗಲಿ ಬಿಡು.

ಅಲ್ಲಾಹು ನಿನ್ನನ್ನು ಚೆನ್ನಾಗಿಟ್ಟಿರಲಿ. ಚಪ್ಪಲಿ ಸವೆದಿದ್ದರೆ ಹೊಸದು ಕೊಂಡುಕೋ, ಬರಿಗಾಲಲ್ಲಿ ಓಡಾಡಬೇಡ.

ನಿನ್ನ
ಅಮ್ಮ

ಮರೆತಿದ್ದೆ: ಟೈಲರ್ ಬಾಗಿಲವರೆಗೆ ಬಂದು, ತಿಂಗಳ ಕೊನೆಯ ಶುಕ್ರವಾರ ಇನ್ನೊಮ್ಮೆ ಕೇಳುತ್ತೇನೆ, ಯೋಚಿಸಿ ಹೇಳಿ ಎಂದ. ದುಡ್ಡು ಬೇಡ. ಅಷ್ಟರೊಳಗೆ ನಿನ್ನ ಕೈಬರಹದ ಒಂದು ಸಾಲು ಬಂದರೂ ಸಾಕು, ಇದ್ದಾನೆ ಎಂದೇ ಹೇಳುತ್ತೇನೆ. ಬಾರದಿದ್ದರೆ ಇಲ್ಲ ಎನ್ನುತ್ತೇನೆ. ನಿನ್ನ ತಂಗಿ ಊಟ ಮಾಡಬೇಕಲ್ಲ, ಮಗನೇ.