ಉತ್ತರ ಬಂಡೆಯ ಹೊಟ್ಟೆ ತುಂಬಿದ ಹಕ್ಕಿಗಳು

ಜೂನ್ 28, ಸಂಜೆ
ಇವತ್ತು ಉತ್ತರ, ದಕ್ಷಿಣ ಎರಡೂ ಬಂಡೆಗಳಲ್ಲಿ ಸೇರಿ ಆರು ಕಿಟ್ಟಿವೇಕ್ ಕಡಲಹಕ್ಕಿ ಹಿಡಿದೆವು. ಎಲ್ಲವೂ ಕಾವಿಗೆ ಕೂತಿದ್ದವು. ಸ್ಟಾಪ್‌ವಾಚ್ ನನ್ನ ಕೈಲಿ. ಹಿಡಿದ ಮೂರು ನಿಮಿಷದೊಳಗೆ ರಕ್ತ ತೆಗೆಯಬೇಕು. ತಡವಾದರೆ ನಮ್ಮನ್ನು ಕಂಡ ಭಯಕ್ಕೇ ಅವುಗಳ ಸ್ಟ್ರೆಸ್ ಹಾರ್ಮೋನ್ ಏರುತ್ತದೆ, ಹಸಿವಿನಿಂದ ಏರಿದ್ದೆಷ್ಟು ಗೊತ್ತಾಗಲ್ಲ.

ಡೀನಾಳ ಪೋಸ್ಟ್‌ಗಳನ್ನು ಆನ್‌ಲೈನ್ ಬರ್ಡ್ ಗ್ರೂಪಲ್ಲಿ ಎರಡು ವರ್ಷ ಒಂದೂ ಬಿಡದೆ ಓದಿದವಳು ನಾನು. ಈಗ ಅದೇ ಸಂಶೋಧಕಿ ನಮ್ಮ ಸೇಂಟ್ ಜಾರ್ಜ್ ದ್ವೀಪದಲ್ಲಿ, ನನ್ನ ಪಕ್ಕದಲ್ಲಿ... ಪುಣ್ಯ ಮಾಡಿದ್ದೆ.

ಮನೆಗೆ ಬಂದವಳೇ ಎಂದಿನ ಕೆಲಸ. ಮಾವ ತಂದ ಹಾಲಿಬಟ್ ಮೀನಿನ ಕರುಳು, ಚೂರುಪಾರು — ಒಂದು ಬಕೆಟ್. ಉತ್ತರ ಬಂಡೆಯ ಬುಡದಲ್ಲಿ ಸುರಿದೆ. ಸಮುದ್ರದ ಪಾಲು ಸಮುದ್ರಕ್ಕೆ. ತಾತ ಹಾಕಿಕೊಟ್ಟ ಪದ್ಧತಿ.

ಜುಲೈ 9
ಮಂಜು. ಐದು ದಿನದಿಂದ ವಿಮಾನವಿಲ್ಲ. ಲ್ಯಾಬಿಗೆ ಹೋಗಬೇಕಾದ ರಕ್ತ ಇಲ್ಲೇ ಕೂತಿದೆ.

ಜುಲೈ 17
ಲ್ಯಾಬ್ ರಿಸಲ್ಟ್ ಬಂತು. ದಕ್ಷಿಣ ಬಂಡೆಯ ಹಕ್ಕಿಗಳಲ್ಲಿ ಹಾರ್ಮೋನ್ ವಿಪರೀತ. ಮೊಟ್ಟೆ ಬಿಟ್ಟು ಹೋಗುತ್ತಿವೆ. ಉತ್ತರದವು ಮಾತ್ರ ನಿರಾಳ. ಇರುವುದು ಒಂದೇ ಸಮುದ್ರ, ಈ ವರ್ಷ ಮೀನೂ ಕಡಿಮೆ. ದಕ್ಷಿಣದಲ್ಲಿ ಟೈಮ್ ಸರಿಯಾಗಿ ನೋಡಿದೆಯಾ ಎಂದು ಡೀನಾ ಮೆಲ್ಲಗೆ ಕೇಳಿದಳು. ನೋಡಿದ್ದೆ. ಆದರೂ ನಾಳೆಯಿಂದ ವಾಚ್ ಬೇರೆಯವರಿಗೆ ಕೊಟ್ಟರೆ...

ಸಂಜೆ ಬಕೆಟ್ ಎತ್ತಿದೆ. ಬಂಡೆ ಹತ್ತಿರ ಕಾಲು ನಿಂತಿತು. ಹಕ್ಕಿಗಳು ಆಗಲೇ ಕೆಳಗಿಳಿದು ಕಾಯುತ್ತಿದ್ದವು. ನನ್ನನ್ನೇ.

ಜುಲೈ 18
ಬಕೆಟ್ ವಿಷಯ ಹೇಳಿದರೆ ಟೀಮಿಂದ ಕಳಿಸಿಬಿಡ್ತಾರೆ ಅಂತ ಅಜ್ಜಿ ಮುಂದೆ ಅತ್ತುಬಿಟ್ಟೆ. ಅಜ್ಜಿ ಮೀನು ಸೀಳುತ್ತಲೇ ಇದ್ದಳು.

"ಹೊಟ್ಟೆ ತುಂಬಿದ ಹಕ್ಕಿ ನೋಡಿ ಯಾರಾದ್ರೂ ಬೈತಾರೇನೇ, ಅನ್ಫಿಸಾ? ಹೋಗಿ ಹೇಳು. ಬಕೆಟ್ ಹಿಡ್ಕೊಂಡೇ ಹೋಗು."

ಹೋದೆ. ಹೇಳಿದೆ. ಡೀನಾ ಬಕೆಟ್ಟಿನೊಳಗೆ ಬಗ್ಗಿ ನೋಡಿದಳು.

"ಎಷ್ಟು ದಿನದಿಂದ?"

"ನಾನು ಹುಟ್ಟೋಕೆ ಮುಂಚಿಂದ."

ಅರ್ಧ ಕೆಲಸ ಹಾಳಾಯಿತು ಎಂದಳು, ಮುಚ್ಚಿಡಲಿಲ್ಲ. ಆಮೇಲೆ ನಗು. ಊಟ ಸಿಕ್ಕವು ಒಂದು ಕಡೆ, ಸಿಗದವು ಇನ್ನೊಂದು ಕಡೆ — ಇಂಥ ಹೋಲಿಕೆ ಬೇಕೆಂದರೂ ತನಗೆ ಸಿಗುತ್ತಿರಲಿಲ್ಲವಂತೆ.

"ನಿಲ್ಲಿಸಬೇಡ ಮಾರಾಯ್ತಿ. ನಾಳೆಯಿಂದ ತೂಗಿ ಸುರಿ. ವಾಚ್ ನಿನ್ನ ಹತ್ರಾನೇ ಇರ್ಲಿ."

ಸಂಜೆ ಮನೆಗೇ ಬಂದಳು. ಅಜ್ಜಿ ಹಾಲಿಬಟ್‌ನ ಕೆನ್ನೆ ತುಂಡು ಹುರಿದು ಅವಳ ತಟ್ಟೆಗೆ ಮೊದಲು ಬಡಿಸಿದಳು. ಆ ತುಂಡು ನನಗೇ ಯಾವತ್ತೂ ಸಿಕ್ಕಿಲ್ಲ.

ಆಗಸ್ಟ್ 24
ದಕ್ಷಿಣದಲ್ಲಿ ಉಳಿದದ್ದು ಮೂರೇ ಮರಿ. ಉತ್ತರದಲ್ಲಿ ಎಣಿಸಿ ಮುಗಿಯುತ್ತಿಲ್ಲ. ಡೀನಾಳ ನೋಟ್‌ಬುಕ್ಕಲ್ಲಿ ಒಂದು ಕಾಲಂ — ಆಹಾರ ಕೊಟ್ಟವರು. ತಾತನ ಹೆಸರು ಹೇಳಿದೆ, ಇನ್ನೊಕೆಂತಿ. ತೀರಿಕೊಂಡು ಒಂಬತ್ತು ವರ್ಷ ಆಯ್ತು ಎಂದೂ ಹೇಳಿದೆ. ಪರವಾಗಿಲ್ಲ ಎನ್ನುತ್ತಾ ಹೆಸರು ಬರೆದುಕೊಂಡಳು. ತಾತಾ, ನಿನಗೆ...

ಅಜ್ಜಿ ಕೂಗುತ್ತಿದ್ದಾಳೆ. ಬಕೆಟ್ ತುಂಬಿದೆಯಂತೆ. ತೂಗಿ, ಸುರಿದು ಬಂದು ಉಳಿದದ್ದು ಬರೆಯುತ್ತೇನೆ, ತಾತಾ.