ಸ್ವಾಗತಕ್ಕೆ ಒತ್ತಿದ ಸೈರನ್

ಕೋಡಿಬೇಣ ಕಡಲ ಕಾವಲು ಠಾಣೆ,
ಇಸವಿ ೨೨೧೪, ಹದಿಮೂರನೇ ತಿಂಗಳ ಎರಡನೇ ದಿನ.

ಪೂಜ್ಯ ಯಶೋದಜ್ಜಿಗೆ ಲಕುಮಿ ಮಾಡುವ ನಮಸ್ಕಾರಗಳು.

ಹದಿಮೂರನೇ ತಿಂಗಳು ಎಂದದ್ದಕ್ಕೆ ಗಾಬರಿಯಾಗಬೇಡಿ. ಮಳೆಗಾಲ ಹಿಗ್ಗುತ್ತ ಹೋಗಿ ಹನ್ನೆರಡು ತಿಂಗಳಲ್ಲಿ ಹಿಡಿಸದಾದಾಗ ನಮ್ಮ ಹಿರಿಯರು ಇನ್ನೊಂದನ್ನು ಸೇರಿಸಿಕೊಂಡರು. ನಿಮ್ಮನ್ನು ಅಜ್ಜಿ ಎಂದದ್ದಕ್ಕೂ ಕ್ಷಮಿಸಿ. ನಿಮಗಿನ್ನೂ ಇಪ್ಪತ್ತೇಳು, ನನಗೆ ಅರವತ್ತೊಂದು. ಆದರೂ ನೀವು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಈ ಕಾಗದ ಹಿಂದಿನ ಕಾಲಕ್ಕೆ ಹೇಗೆ ಬರುತ್ತದೆಂದು ವಿವರಿಸಲು ನನಗೆ ಬಾರದು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಸಹಿಸಿಕೊಳ್ಳಿ. ಬರುವ ಸೋಮವಾರ ನಿಮ್ಮ ಠಾಣೆಯ ಉದ್ಘಾಟನೆ. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ನೀವು ಕಾಯಲಿರುವ ಸೈರನ್ ಇನ್ನೂ ಇದೆ. ನಾವದನ್ನು ಬೊಬ್ಬೆಗಂಬ ಎನ್ನುತ್ತೇವೆ. ಕಡಲು ಏರಿ ಬಂದರೆ ಅದು ಕೂಗಬೇಕು, ಜನ ಗುಡ್ಡ ಹತ್ತಬೇಕು, ಅದರ ಕೆಲಸ ಅಷ್ಟೇ. ಆದರೆ ನಮ್ಮ ಕಾಲದಲ್ಲಿ ಅದು ಕೂಗುವುದು ದೊಡ್ಡವರು ಬರುವಾಗ. ಕಾವಲು ಮಂಡಳಿಯ ಅಧ್ಯಕ್ಷರನ್ನು ಹಾಗೆ ಕರೆಯುತ್ತೇವೆ. ಹೆಸರು ಹಿಡಿಯುವಂತಿಲ್ಲ, ಹಿಡಿಯೋಣವೆಂದರೆ ಅರ್ಧ ಊರಿಗೆ ಗೊತ್ತೂ ಇಲ್ಲ. ಕೂಗು ಕೇಳಿದೊಡನೆ ಎಲ್ಲರೂ ದಂಡೆಯ ರಸ್ತೆಗಿಳಿದು ಕೈಮುಗಿದು ನಿಲ್ಲಬೇಕು. ಇದಕ್ಕೆ ಕೈಮುಗಿಸಾಲು ಎಂದು ಹೆಸರು. ಒಲೆಯ ಮೇಲೆ ಗಂಜಿ ಉಕ್ಕುತ್ತಿದ್ದರೂ ಬಿಟ್ಟು ಬರಬೇಕು. ಶಾಲೆಯಲ್ಲಿ ಅಕ್ಷರಕ್ಕಿಂತ ಮೊದಲು ಸಾಲು ಕಲಿಸುತ್ತಾರೆ. ಠಾಣೆಯೊಳಗೆ ಇರುವುದು ಒಂದೇ ಕುರ್ಚಿ, ಅದು ಅವರದು. ನೀರು ಏರಿದೆ ಎಂಬಂಥ ಕೆಟ್ಟ ಸುದ್ದಿಗೆ ಗುರುವಾರ ಊಟವಾದ ಮೇಲಿನ ಹೊತ್ತು ಗೊತ್ತುಮಾಡಿದ್ದಾರೆ, ಆಗ ಅವರ ಮನಸ್ಸು ತಿಳಿಯಾಗಿರುತ್ತದಂತೆ. ಉಳಿದ ದಿನಗಳಲ್ಲಿ ಕಡಲು ಹೇಗಿದ್ದರೂ ‘ಸಮಾಧಾನಕರ’ ಎಂದೇ ಬರೆಯಬೇಕು. ಇದು ಹುಚ್ಚೆಂದು ಎಲ್ಲರಿಗೂ ಗೊತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನಂತೂ ಕಟ್ಟಲಿಲ್ಲ. ಇಪ್ಪತ್ತೆರಡು ವರ್ಷ ಬೊಬ್ಬೆಗಂಬದ ಗುಂಡಿ ಒತ್ತಿದವಳು ನಾನೇ, ಅದಕ್ಕಾಗಿ ಅವರ ಕೈಯಿಂದ ಶಾಲು ಹೊದೆಸಿಕೊಂಡು ಹಲ್ಲು ಕಿರಿದವಳೂ ನಾನೇ.

ಒಂಬತ್ತು ವರ್ಷದ ಹಿಂದೆ, ಒಂದು ಬುಧವಾರ ಮಧ್ಯಾಹ್ನ, ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿಯಿತು. ದೋಣಿಗಳು ಕೆಸರಿನಲ್ಲಿ ವಾಲಿ ಕೂತವು. ಹಾಗೆ ಹೋದ ನೀರು ಹೇಗೆ ತಿರುಗಿ ಬರುತ್ತದೆಂದು ಕಡಲ ಮಕ್ಕಳಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅಪ್ಪಣೆಯಿಲ್ಲದೆ ಗುಂಡಿ ಮುಟ್ಟುವಂತಿರಲಿಲ್ಲ. ದೊಡ್ಡವರ ಆಪ್ತ ಕಾರ್ಯದರ್ಶಿ ಪದ್ಮಾಕರನ ಮುಂದೆ ಹೋಗಿ ನಿಂತೆ. ಅವನೂ ಕಿಟಕಿಯಲ್ಲಿ ಕಡಲು ನೋಡಿದ್ದ.

“ಅವ್ರು ಮಲ್ಗಿದಾರೆ ಲಕುಮಕ್ಕ. ಈಗ ಎಬ್ಸಿರೆ ನನ್ ಕೆಲ್ಸಾನೂ ಹೋಗ್ತದೆ, ನಿಂದೂ ಹೋಗ್ತದೆ,” ಎಂದ.

ಕಾಲು ಗಂಟೆ ಅವನನ್ನು ಬೇಡಿಕೊಂಡೆ. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಯಾರ ಮಾತನ್ನೂ ಕೇಳದೆ ಮೇಲೆ ಓಡಿ ಗುಂಡಿ ಒತ್ತಿದೆ.

ಅಜ್ಜಿ, ಜನ ಸಾಲು ನಿಲ್ಲಲು ಬಂದರು. ಗುಡ್ಡದ ಮೇಲೆ ಕೂಲಿಗೆ ಹೋದವರೂ ಇಳಿದು ಬಂದರು. ಬರಿದಾದ ಕಡಲನ್ನು ಕಂಡವರೂ ಅಲ್ಲಿದ್ದರು. ಆದರೆ ಸಾಲು ಬಿಟ್ಟವರ ಹೆಸರು ಬರೆದುಕೊಳ್ಳುತ್ತಾರೆಂಬ ಹೆದರಿಕೆ ಕಡಲಿನ ಹೆದರಿಕೆಗಿಂತ ದೊಡ್ಡದಿತ್ತು. ನನ್ನ ಮಗಳು ಶಾರಿ ಗುಡ್ಡದ ಶಾಲೆಯಲ್ಲಿ ಕಲಿಸುತ್ತಿದ್ದಳು. ಮೂವತ್ತೆಂಟು ಮಕ್ಕಳನ್ನು ಕರೆದುಕೊಂಡು ಬಂದಳು. ನಾನು ಕಂಬದ ತುದಿಯಿಂದ “ಓಡ್ರೋ, ಮೇಲೆ ಓಡ್ರೋ” ಎಂದು ಕೈ ಬೀಸುತ್ತ ಗಂಟಲು ಹರಿಯುವ ಹಾಗೆ ಕಿರುಚಿದೆ. ಬೊಬ್ಬೆಯಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಶಾರಿ ತಲೆಯೆತ್ತಿ ನೋಡಿದಳು. ಅವ್ವಿ ಕೈ ಬೀಸುತ್ತಿರುವುದು ಸಾಲು ಸೊಟ್ಟಗಿದೆ ಎನ್ನಲು ಎಂದುಕೊಂಡಳೋ ಏನೋ, ಮಕ್ಕಳ ಭುಜ ಹಿಡಿದು ಒಬ್ಬೊಬ್ಬರನ್ನಾಗಿ ನೆಟ್ಟಗೆ ನಿಲ್ಲಿಸಿದಳು. ಕೊನೆಯ ಮಗುವಿನ ಕೈಜೋಡಿಸುತ್ತಿದ್ದಾಗ ನೀರು ಬಂತು.

ನಾನು ಒತ್ತದೆ ಇದ್ದಿದ್ದರೆ ಅವರು ಗುಡ್ಡದ ಮೇಲೇ ಇರುತ್ತಿದ್ದರು. ಇದನ್ನು ಎದೆಯಲ್ಲಿಟ್ಟುಕೊಂಡೇ ದಿನಾ ಅನ್ನ ಉಣ್ಣುತ್ತೇನೆ.

ಮಂಡಳಿ ವಿಚಾರಣೆ ಮಾಡಿತು. ಸಾಲು ಶಿಸ್ತಿನಿಂದ ಕೂಡಿತ್ತು, ಅಪ್ಪಣೆಯಿಲ್ಲದೆ ಗುಂಡಿ ಒತ್ತಿದ್ದೊಂದೇ ತಪ್ಪು ಎಂದು ವರದಿ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇವರು ಗುಂಡಿಗೇ ಬೀಗ ಹಾಕಿ ಕೀಲಿಯನ್ನು ದೊಡ್ಡವರಿಗೆ ಕೊಟ್ಟರು. ನನ್ನನ್ನು ಹಳೆಯ ದಫ್ತರದ ಕೋಣೆಗೆ ತಳ್ಳಿದರು. ಅಲ್ಲಿ, ಗೆದ್ದಲು ಬಿಟ್ಟು ಉಳಿದ ಕಾಗದಗಳ ನಡುವೆ, ಈ ಠಾಣೆಯ ಮೊಟ್ಟಮೊದಲ ದಿನಚರಿ ಸಿಕ್ಕಿತು. ಉದ್ಘಾಟನೆಯ ದಿನದ ಪುಟದಲ್ಲಿ ನಿಮ್ಮ ಅಕ್ಷರವಿದೆ: “ಅಧ್ಯಕ್ಷರ ಸ್ವಾಗತಕ್ಕೆ ಸೈರನ್ ಒತ್ತಲು ಹೇಳಿದರು. ಇದು ಅದಕ್ಕಲ್ಲ ಎನ್ನಬೇಕೆನಿಸಿತು. ಒಂದೇ ಸಲವಲ್ಲವೇ ಎಂದು ಒತ್ತಿದೆ.”

ನಿಮ್ಮನ್ನು ದೂರುತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಒತ್ತುತ್ತಿದ್ದೆ, ಒತ್ತಿದ್ದೇನೆ ಕೂಡ. ಆ ದಿನ ಅಧ್ಯಕ್ಷರಿಗೆ ಅದು ಬಹಳ ಹಿಡಿಸಿತಂತೆ. ಮುಂದಿನ ಸಲ ಬಂದಾಗ ಅವರೇ ಕೇಳಿದರಂತೆ. ಅದರ ಮುಂದಿನ ಸಲ ಕೇಳುವ ಅಗತ್ಯವೂ ಬೀಳಲಿಲ್ಲ.

ಸೋಮವಾರ ಅವರು ಕಾರಿನಿಂದ ಇಳಿಯುವಾಗ ಯಾರೋ ನಿಮ್ಮತ್ತ ಕೈಸನ್ನೆ ಮಾಡುತ್ತಾರೆ. ಒತ್ತಬೇಡಿ. ಎಲ್ಲರೆದುರು ಬೈಯುತ್ತಾರೆ, ಬೈಸಿಕೊಳ್ಳಿ. ಎತ್ತಂಗಡಿ ಮಾಡಬಹುದು, ಹೋಗಿ. ಹಾಗೆ ಹೋದರೆ ನಿಮಗೆ ಈ ಊರಿನಲ್ಲಿ ಮದುವೆಯಾಗುವುದಿಲ್ಲ; ಮುಂದೆ ನಾನು ಹುಟ್ಟುವುದಿಲ್ಲ, ನನ್ನ ಶಾರಿಯೂ ಹುಟ್ಟುವುದಿಲ್ಲ. ಒಂಬತ್ತು ವರ್ಷ ಇದನ್ನೇ ಯೋಚಿಸಿದ್ದೇನೆ. ಆ ಮೂವತ್ತೆಂಟು ಮಕ್ಕಳಿಗೂ ಅವ್ವಂದಿರಿದ್ದರು.

ಒತ್ತಬೇಡಿ, ಅಜ್ಜಿ.

ನಿಮ್ಮ,
ಲಕುಮಿ