ಅಮ್ಮನ ಚೀಲದಲ್ಲಿರುವ ಕಲ್ಲು

ನನ್ನ ಬಾಯಿಬಡಕಿ ತಂಗಿ ರಶ್ಮಿಗೆ,

ಹಿಂದೂಪುರದಿಂದ ನಿನ್ನ ಅಕ್ಕ ಚಂದ್ರಕಲಾ ಬರೆಯುವುದು. ಇದನ್ನು ನಿಂತುಕೊಂಡು ಓದಬೇಡ, ಕೂತುಕೊ. ಅದಕ್ಕೂ ಮೊದಲು ಅಮ್ಮನನ್ನೂ ಈ ಕಾಗದವನ್ನೂ ಕರೆತಂದ ತಮ್ಮ ರುದ್ರಮುನಿಯ ಜೇಬಿನಿಂದ ಅವಳ ಮಾತ್ರೆಗಳನ್ನು ಇಸಕೊಂಡು ಅಮ್ಮನ ಕೈಗೆ ಸಿಗದ ಕಡೆ ಇಟ್ಟು ಬಾ.

ಕಲ್ಯಾಣದುರ್ಗವೇನು ಕಾಶಿಯೇ, ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಿದೆನಲ್ಲ ನಿನ್ನೆ. ನಾನು ಬಾಯಿ ತೆಗೆಯುವ ಮೊದಲೇ ನೀನು ನಗುತ್ತಾ, "ಅಕ್ಕಾ, ಅಮ್ಮ ಎಲ್ಲಾ ಹೇಳ್ಬುಟ್ಳು. ಮಾತ್ರೆ ತೇಯ್ದು ಕೊಡಕ್ಕೂ ನಿಂಗೆ ಸೋಮಾರಿತನವಾ? ಕಳ್ಸು ನನ್ ಹತ್ರಕ್ಕೆ, ಅಪ್ಪಂಗೆ ಕೊಟ್ಟಂಗೇ ಕೊಡ್ತೀನಿ" ಎಂದೆ. ಆಯ್ತು ಎಂದು ಇಟ್ಟುಬಿಟ್ಟೆ. ಊರ ಜಗಳಕ್ಕೆಲ್ಲ ಹೋಗುವ ಬಾಯಿ ಎಂದು ಆಡಿಕೊಳ್ಳುತ್ತೀಯಲ್ಲ, ಆ ಬಾಯಿಗೇ ಬೀಗ ಬಿತ್ತು.

ನಮ್ಮ ಮನೆಯ ಬಜೆ ತೇಯುವ ಕಲ್ಲು ಎರ್ರಮ್ಮಜ್ಜಿಯ ಕಾಲದ್ದು. ನಮ್ಮನ್ನೆಲ್ಲ ತೊಡೆಯ ಮೇಲೆ ಹಾಕಿಕೊಂಡು ಅಜ್ಜಿ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದ್ದು ಆ ಕಲ್ಲಿನ ಮೇಲೆಯೇ. ತೇಯ್ದರೇನೇ ಮದ್ದು ಮೈಗೆ ಹತ್ತುತ್ತದೆ ಎನ್ನುವ ಮನೆ ನಮ್ಮದು. ಡಾಕ್ಟರು ಕೊಟ್ಟ ಮಾತ್ರೆಯನ್ನೂ ಬಿಟ್ಟವರಲ್ಲ. ಅಪ್ಪನ ಬಿ.ಪಿ. ಮಾತ್ರೆಯನ್ನು ಅಮ್ಮ ವರ್ಷಗಟ್ಟಲೆ ಮೂರು ಹೊತ್ತೂ ತೇಯ್ದು ಕೊಟ್ಟಳು, ಏನೂ ಆಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದು ನನಗೆ ಮೊನ್ನೆ ತಿಳಿಯಿತು.

ಮೊನ್ನೆ ಅಮ್ಮನನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದೆ. ಅಮ್ಮನದೂ ಮೂರು ಹೊತ್ತಿನ ಮಾತ್ರೆ, ಮಧ್ಯಾಹ್ನದ್ದು ಮರೆತುಬಿಡುತ್ತಾಳೆ ಎಂದೆ. ಅವರು ಬೆಳಿಗ್ಗೆ ಒಂದೇ ಸಾಕು ಎನ್ನುವ ಬೇರೆ ಮಾತ್ರೆ ಬರೆದರು. ಅವರು ತೋರಿಸಿದ ಮಾತ್ರೆಯ ಶೀಟು ನೋಡಿದ ಕೂಡಲೇ ಗುರುತು ಸಿಕ್ಕಿತು, ಅಪ್ಪನಿಗೆ ಕೊನೆಯಲ್ಲಿ ಬದಲಾಯಿಸಿ ಕೊಟ್ಟಿದ್ದೂ ಅದೇ. ಅಮ್ಮ ಎದ್ದು ಹೊರಗಿನ ಬೆಂಚಿಗೆ ಹೋದ ಮೇಲೆ, ಇದನ್ನೂ ಜೇನಿನಲ್ಲಿ ತೇಯ್ದು ಕೊಡಬಹುದಾ ಎಂದು ಸುಮ್ಮನೆ ಮಾತಿಗೆ ಕೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ, "ವದ್ದಮ್ಮಾ ವದ್ದು! ತೇಯೋದೂ ಬೇಡ, ಅಗಿಯೋದೂ ಬೇಡ, ಇಡೀದಾಗಿ ನುಂಗ್ಬೇಕು" ಎಂದರು.

ಹಳೆಯ ಮಾತ್ರೆ ಹೊಟ್ಟೆಗೆ ಬಿದ್ದ ಕೂಡಲೇ ಕರಗಿ ತನ್ನ ಕೆಲಸ ಮುಗಿಸುವಂಥದ್ದಂತೆ. ಅದಕ್ಕೇ ಹೊತ್ತುಹೊತ್ತಿಗೂ ಬೇಕು, ತೇಯ್ದರೂ ನಡೆಯಿತು. ಹೊಸದರಲ್ಲಿ ಇಡೀ ದಿನದ ಮದ್ದು ಒಂದರಲ್ಲೇ ತುಂಬಿರುತ್ತದೆ, ಸ್ವಲ್ಪ ಸ್ವಲ್ಪವಾಗಿ ಇಳಿಯುವ ಹಾಗೆ ಮಾಡಿರುತ್ತಾರೆ. ಹೆಸರಿನ ಕೊನೆಗೆ ಎಸ್‌ಆರ್, ಇಆರ್, ಎಕ್ಸ್‌ಎಲ್ ಎಂದು ಏನಾದರೊಂದು ಬಾಲ ಇರುತ್ತದಂತೆ. ನಿಮ್ಮ ಮೋಸಂಬಿ ತೋಟದ ಡ್ರಿಪ್ ನೆನಪು ಮಾಡಿಕೊ. ಮಾತ್ರೆ ತೇಯುವುದೆಂದರೆ ಪೈಪು ಒಡೆದು ಟ್ಯಾಂಕಿನ ನೀರೆಲ್ಲ ಒಂದೇ ಗಿಡದ ಬುಡಕ್ಕೆ ನುಗ್ಗಿಸಿದ ಹಾಗೆ. ಬಿ.ಪಿ. ಒಮ್ಮೆಲೇ ಕುಸಿಯುತ್ತದೆ, ಕಣ್ಣು ಮಂಜಾಗುತ್ತದೆ, ಮೈ ತಣ್ಣಗೆ ಬೆವರುತ್ತದೆ, ವಯಸ್ಸಾದವರು ಮತ್ತೆ ಏಳದೆಯೂ ಹೋಗಬಹುದು ಎಂದರು.

ಅವರು ಹೇಳುತ್ತಿದ್ದದ್ದು ಅಮ್ಮನ ವಿಷಯ. ನನ್ನ ಕಣ್ಣ ಮುಂದೆ ಇದ್ದದ್ದು ನಿಮ್ಮ ಮನೆಯ ಜಗಲಿ.

ಮಾತ್ರೆ ಬದಲಾಯಿಸಿದ ಮರುದಿನವೇ ಅಲ್ಲವೇನೇ ಅಪ್ಪ ನಿಮ್ಮಲ್ಲಿಗೆ ಹೊರಟದ್ದು? ಅಮ್ಮನೇ ಈ ಕಲ್ಲನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಳಿಸಿದ್ದಳು. ನೀನು ತೇಯ್ದು ಕೊಟ್ಟೆ. "ನನ್ ಬಂಗಾರು ತೇಯ್ದು ಕೊಟ್ರೆ ಕಹಿನೂ ಸಿಹಿ ಕಣಮ್ಮ" ಎಂದು ಅಪ್ಪ ಬೆರಳು ನೆಕ್ಕಿದರು. ಆಮೇಲೆ ಜಗಲಿಯಲ್ಲಿ ಕೂತು, "ಯಾಕೋ ಕಣ್ ಮಂಜಾಯ್ತದೆ" ಎಂದರು. ಬೆವರು ನೋಡಿ ಸೆಕೆಗೆ ಎಂದುಕೊಂಡು ಬೀಸಣಿಗೆ ಬೀಸಿದೆ ಎಂದು ನೀನೇ ಹೇಳಿದ್ದೆ, ಮಣ್ಣು ಮಾಡಿ ಬಂದ ದಿನ ನನ್ನ ಹೆಗಲಿಗೆ ತಲೆಯಿಟ್ಟು. ಇದನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿ, ಹಾಗಾದರೆ ಅಪ್ಪ ಹೋದದ್ದು ಇದರಿಂದಲೇನಾ ಎಂದು ಕೇಳಿದೆ. ಅವರು ಇರಬಹುದು ಎನ್ನಲಿಲ್ಲ, ಇಲ್ಲ ಎಂದೂ ಎನ್ನಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಚೀಟಿಯನ್ನು ನನ್ನ ಕಡೆ ತಳ್ಳಿದರು.

ನಿನ್ನ ತಪ್ಪಿಲ್ಲ ರಶ್ಮಿ. ನಿನ್ನ ತಪ್ಪಿಲ್ಲ. ನಮಗೆ ಹೇಳಿದವರೂ ಇರಲಿಲ್ಲ, ಕೇಳಬೇಕೆಂದು ನಮಗೆ ಹೊಳೆದೂ ಇರಲಿಲ್ಲ. ಆ ದಿನ ನಾನಿದ್ದಿದ್ದರೂ ತೇಯುತ್ತಿದ್ದೆ, ನಿನ್ನಷ್ಟು ಧಾರಾಳವಾಗಿ ಜೇನು ಹಾಕುತ್ತಿರಲಿಲ್ಲ, ಅಷ್ಟೇ. ನಾನು ಸಾಯುವವರೆಗೂ ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ. ಅಮ್ಮ ಬಿಡಬೇಕಲ್ಲ.

ಮಾತ್ರೆ ತೇಯುವುದಿಲ್ಲ ಎಂದದ್ದಕ್ಕೆ ನನ್ನ ಮೇಲೆ ಮುನಿಸಿಕೊಂಡು ಊಟವನ್ನೇ ಅರ್ಧ ಮಾಡಿದಳು. ಡಾಕ್ಟರು ಬೇಡ ಅಂದಿದ್ದಾರೆ ಎಂದೆ. "ಡಾಕ್ಟ್ರುಗೇನ್ ಗೊತ್ತು? ನಿಮ್ಮಪ್ಪಂಗೆ ರಶ್ಮಿ ತೇಯ್ದು ಕೊಟ್ಳು, ಒಂಚೂರೂ ನರಳ್ದಂಗೆ ಹೋಗ್ಬುಟ್ರು. ನಂಗೂ ಅವ್ಳ ಕೈ ಮದ್ದೇ ಬೇಕು, ಹೋಯ್ತೀನಿ" ಎಂದಳು. ಕಾರಣ ಹೇಳಲು ನನ್ನಿಂದ ಆಗಲಿಲ್ಲ. ಹೇಳಿದರೆ, ಆ ಕಲ್ಲು ಸುತ್ತಿ ಕಳಿಸಿದ ತನ್ನ ಕೈಯನ್ನು ಅವಳು ಏನು ಮಾಡಿಕೊಂಡಾಳು? ಅವಳಿಗೆ ಹೇಳಿದರೆ ಅವಳು ಉಳಿಯುವುದಿಲ್ಲ, ನಿನಗೆ ಹೇಳದಿದ್ದರೂ ಅವಳು ಉಳಿಯುವುದಿಲ್ಲ. ಅದಕ್ಕೇ ಈ ಕಾಗದ. ಚಿಕ್ಕವಳೆಂದು ನಿನ್ನ ಮೇಲೆ ಯಾವತ್ತೂ ಭಾರ ಹೊರಿಸಿದವಳಲ್ಲ ನಾನು. ಇವತ್ತು ಹೊರಿಸುತ್ತಿದ್ದೇನೆ, ಬೈದುಕೊ.

ಮಾತ್ರೆಯನ್ನು ಇಡೀದಾಗಿ ನೀರಿನಲ್ಲಿ ನುಂಗಿಸು. ಗಂಟಲಲ್ಲಿ ಇಳಿಯುವುದಿಲ್ಲ ಎಂದು ಹಟ ಹಿಡಿದರೆ ನಿಲ್ಲಿಸಿಬಿಡಬೇಡ, ಅಲ್ಲಿಯ ಡಾಕ್ಟರಿಗೆ ತೋರಿಸು, ಬೇರೆ ಬಗೆಯದು ಕೊಡುತ್ತಾರಂತೆ.

ಕಲ್ಲನ್ನು ನಾನು ಅಟ್ಟದ ಮೇಲೆ ರಾಗಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ. ಈಗ ನೋಡಿದರೆ ಅಲ್ಲಿಲ್ಲ. ಹೊರಗೆ ರುದ್ರಮುನಿ ಅಮ್ಮನ ಚೀಲ ಎತ್ತಿಕೊಂಡು, "ಏನಮ್ಮಾ ಇಷ್ಟು ಭಾರ?" ಎನ್ನುತ್ತಿದ್ದಾನೆ. ಅಮ್ಮ ನಗುತ್ತಿದ್ದಾಳೆ. ಹೋಗಿ ಕಿತ್ತುಕೊಳ್ಳಬಹುದು. ಆದರೆ ನಿನ್ನ ಮನೆಯಲ್ಲಿ ಕಲ್ಲಿಗೇನು ಬರವೇ?

ನಾಳೆ ಬೆಳಿಗ್ಗೆ ಅವಳು ಕಲ್ಲು ತೊಳೆದು, ಪಕ್ಕದಲ್ಲಿ ಜೇನಿನ ಬಾಟಲಿ ಇಟ್ಟು, ನಿನ್ನ ಮುಂದೆ ಬಂದು ಕೂರುತ್ತಾಳೆ. ಅಪ್ಪನಿಗೆ ಕೊಟ್ಟ ಹಾಗೇ ಕೊಡು ಎನ್ನುತ್ತಾಳೆ. ಆಗ ಅಳಬೇಡ, ಅತ್ತರೆ ಅವಳಿಗೆ ಗೊತ್ತಾಗಿಬಿಡುತ್ತದೆ. ನಿನ್ನ ಮಾಮೂಲಿ ನಗು ನಕ್ಕು, ಆ ಮಾತ್ರೆಯನ್ನು ಇಡೀದಾಗಿ ಅವಳ ನಾಲಿಗೆಯ ಮೇಲಿಡು. ನಿನ್ನಿಂದ ಆಗುತ್ತದೆ.

ಶಿವ ನಿನ್ನ ಕೈ ಕಾಯಲಿ, ಆ ಕೈಯಿಂದ ಅಮ್ಮನನ್ನು ಕಾಯಲಿ.

ನಿನ್ನ ಅಕ್ಕ,
ಚಂದ್ರ